ಇಷ್ಟವಿಲ್ಲದೆ ಆಸ್ಪತ್ರೆಗೆ ಸೇರಿಸಿದರೆ ಯಾರನ್ನು ಕೇಳಬೇಕು?

ತುಮಕೂರು ಜಿಲ್ಲೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಜೋರಾದರೆ ಮನೆಯವರ ಬಾಯಿಗೆ ಮೊದಲು ಬರುವುದು ನಿಮ್ಹಾನ್ಸ್ ಹೆಸರು. ಅಡ್ಮಿಟ್ ಮಾಡಿಬಿಡೋಣ ಅಂತ ಮಾತಾಗುತ್ತದೆ. ಆದರೆ ಆ ವ್ಯಕ್ತಿಗೇ ಇಷ್ಟವಿಲ್ಲದಿದ್ದರೆ?

ಬ್ರಿಟಿಷರ ಕಾಲದ 1912ರ ಲೂನಸಿ ಕಾಯ್ದೆಯಲ್ಲಿ (ಮನೋರೋಗಿಗಳ ಬಗೆಗಿನ ಹಳೆಯ ಕಾನೂನು) ಮನೆಯವರ ಅರ್ಜಿ, ಇಬ್ಬರು ಡಾಕ್ಟರ ಸರ್ಟಿಫಿಕೇಟು, ಮ್ಯಾಜಿಸ್ಟ್ರೇಟರ ಆದೇಶ ಇದ್ದರೆ ಸೇರಿಸಬಹುದಿತ್ತು. ಹೊರಗೆ ಬರುವುದೇ ಕಷ್ಟ. ಒಳಗಿರುವವರ ಮಾತನ್ನು ಯಾರು ನಂಬುತ್ತಾರೆ, ಅಲ್ವಾ?

ಆಗಿನ ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಬುದ್ಧಿ ಸರಿಯಿಲ್ಲ ಅಂತ ಇಟ್ಟಿದ್ದ ಕೈದಿಗಳಲ್ಲಿ ಕೆಲವರು ಗುಣವಾದ ಮೇಲೂ ವರ್ಷಗಟ್ಟಲೆ ಅಲ್ಲೇ ಉಳಿದಿದ್ದರು. ಕಾನೂನು ನೆರವು ಸಮಿತಿಯೊಂದು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ 1982ರಲ್ಲಿ ಅರ್ಜಿಯಾಗಿ ತೆಗೆದುಕೊಂಡಿತು. ಗುಣವಾದವರನ್ನು ಬಿಡಿ, ಊರಿಗೆ ಹೋಗಲು ಬಸ್ ಚಾರ್ಜು, ಒಂದು ವಾರದ ಊಟದ ಖರ್ಚು ಕೊಡಿ ಎಂದಿತು. ಆ ಖರ್ಚಿನ ಯೋಚನೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅದೇ ಕೋರ್ಟ್ 1993ರಲ್ಲಿ ಹೇಳಿತು. 1912ರ ಕಾಯ್ದೆಯ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಯಾದದ್ದೂ ಆ ವರ್ಷವೇ. ಅದರಲ್ಲೂ ಮ್ಯಾಜಿಸ್ಟ್ರೇಟರ ಆದೇಶದ ದಾರಿ ಉಳಿಯಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಖಾಸಗಿ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದ ಜನ ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಲೆಕ್ಕವೇ ಬದಲಾಯಿತು. ಸರಪಳಿ ಹಾಕುವಂತಿಲ್ಲ. ತಾನಾಗಿ ಸೇರಿದ ವಯಸ್ಕ ಹೊರಡುತ್ತೇನೆ ಅಂದರೆ ತಡೆಯಬಹುದಾದದ್ದು 24 ಗಂಟೆ ಮಾತ್ರ, ಅದೂ ಅಪಾಯದಂಥ ಕಾರಣವಿದ್ದರೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ಮಾತಾಡಲು ಗೊತ್ತುಮಾಡಿದ ವ್ಯಕ್ತಿಯ) ಅರ್ಜಿಯ ಮೇಲೆ 30 ದಿನದವರೆಗೆ ಇಟ್ಟುಕೊಳ್ಳಬಹುದು. ಆಗ ಆಸ್ಪತ್ರೆಯೇ 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಂದರೆ ಹೀಗೆ ಸೇರಿಸಿದ್ದು ಸರಿಯೇ ಅಂತ ನೋಡುವ ಮಂಡಳಿಗೆ, ತಿಳಿಸಬೇಕು. ಹೆಂಗಸರು, ಮಕ್ಕಳಾದರೆ 3 ದಿನ. 30 ದಿನ ದಾಟಿದರೆ ಮಂಡಳಿಯ ಒಪ್ಪಿಗೆ ಬೇಕು. ಮೊದಲು ರೋಗಿ ಬಾಗಿಲು ತಟ್ಟಬೇಕಿತ್ತು, ಈಗ ಆಸ್ಪತ್ರೆಯೇ ಉತ್ತರ ಕೊಡಬೇಕು. ರೋಗಿಯೂ ಮಂಡಳಿಗೆ ಅರ್ಜಿ ಹಾಕಬಹುದು. ಮಂಡಳಿಯ ತೀರ್ಮಾನ ಒಪ್ಪದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಮನೆಯವರು ಬೇಡ ಅಂದರು, ಹೋಗಲು ಜಾಗವಿಲ್ಲ ಅಂತ ಸುಮ್ನೆ ಆಸ್ಪತ್ರೆಯಲ್ಲೇ ಇಡುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. ಇದೇ ಜಾಸ್ತಿ ಕಷ್ಟದ ಭಾಗ. ಬೀಗ ತೆಗೆಸಲು ಕೋರ್ಟಿಗೆ ಆಗುತ್ತದೆ, ಮನೆ ಬಾಗಿಲು ತೆಗೆಸಲು ಆಗುವುದಿಲ್ಲ. ಊರಲ್ಲೇ ಚಿಕಿತ್ಸೆ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ ಅನ್ನುವುದು ನನ್ನ ನಂಬಿಕೆ. ನಮ್ಮ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ತೀವ್ರ ಮನೋರೋಗ ಇರುವವರನ್ನು ಊರಲ್ಲೇ ನೋಡಿಕೊಳ್ಳುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ.

ಕೇಸಿಗೆ ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಈ ಹಕ್ಕು ಇದೆ ಎಂದು ರೋಗಿಗೆ ತಿಳಿಸುವುದು ಆಸ್ಪತ್ರೆಯ ಮುಖ್ಯಸ್ಥರ ಕರ್ತವ್ಯ, ಪೊಲೀಸರದ್ದು ಮತ್ತು ಮ್ಯಾಜಿಸ್ಟ್ರೇಟರದ್ದೂ ಹೌದು.