ಮೊಂಡಾದ ಕತ್ತಿ ಕಳೆದುಕೊಂಡದ್ದೇನು?

ಕತ್ತಿ ಮೊಂಡಾಗುತ್ತದೆ, ಬೆಳ್ಳಿ ಮಾಸುತ್ತದೆ, ಹಿತ್ತಾಳೆ ದೀಪಕ್ಕೆ ಕಿಲುಬು ಹಿಡಿಯುತ್ತದೆ, ಕಾಫಿಪುಡಿಯ ಘಮ ಹೋಗುತ್ತದೆ, ಕರಿಮೆಣಸಿನ ಪುಡಿ ಸಪ್ಪೆಯಾಗುತ್ತದೆ. ಕತ್ತಿ ಮಾಸಿತು ಎಂದು ಯಾರೂ ಅನ್ನುವುದಿಲ್ಲ, ಬೆಳ್ಳಿ ಮೊಂಡಾಯಿತು ಎಂದೂ ಅನ್ನುವುದಿಲ್ಲ. ನಮ್ಮ ಮಾತು ಇವನ್ನು ಬೇರೆಬೇರೆಯಾಗಿ ಇಟ್ಟಿರುವುದು ಸರಿಯಾಗಿಯೇ ಇದೆ, ಯಾಕೆಂದರೆ ಒಳಗೆ ನಡೆಯುವ ಕೆಲಸವೂ ಬೇರೆಬೇರೆ. ಆದರೆ ಕೊಡಗಿನಲ್ಲಿ ಮಳೆಗಾಲ ಕಳೆದು ಅಟ್ಟ, ಪೆಟ್ಟಿಗೆ ತೆರೆಯುವಾಗ ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಆಗ ಎಲ್ಲಕ್ಕೂ ಒಂದೇ ವಿವರಣೆ: ಸತ್ವ ಹೋಯಿತು, ಇಲ್ಲವೇ ದೃಷ್ಟಿ ತಾಗಿತು.

ಸತ್ವ ಎಲ್ಲಿಗೂ ಹೋಗಿಲ್ಲ. ಮೊದಲು ಕತ್ತಿಯನ್ನೇ ನೋಡಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೋವಿ, ಕತ್ತಿ ಒರೆಸಿ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುತ್ತಾರಲ್ಲ, ಆ ಹೊತ್ತಿನಲ್ಲಿ ಒಂದು ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಯಿಯನ್ನು ನೇರ ಕಣ್ಣಿನತ್ತ ತಿರುಗಿಸಿ. ಹರಿತವಾದ ಬಾಯಿ ಕಾಣಿಸುವುದೇ ಇಲ್ಲ. ಮೊಂಡಾದ ಕಡೆಯಲ್ಲಿ ಬೆಳ್ಳಗಿನ ಸಣ್ಣ ಗೆರೆಯೊಂದು ಮಿನುಗುತ್ತದೆ. ಬೆಳಕನ್ನು ಹಿಂದಕ್ಕೆ ಕಳಿಸಲು ಅಲ್ಲೊಂದು ಮಟ್ಟಸವಾದ ಜಾಗ ಹುಟ್ಟಿದೆ ಎಂದು ಇದರ ಅರ್ಥ. ಬೇರೆ ವಸ್ತು ಕೆಟ್ಟಾಗ ಹೊಳಪು ಕಳೆದುಕೊಳ್ಳುತ್ತದೆ, ಕತ್ತಿಯ ಬಾಯಿ ಕೆಟ್ಟಾಗ ಹೊಳೆಯುತ್ತದೆ!

ಆ ಗೆರೆಯ ಅಗಲವೇ ಮೊಂಡುತನ. ಚೆನ್ನಾಗಿ ಮಸೆದ ಅಲಗಿನ ತುದಿ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಐದು ಸೆಂಟಿಮೀಟರ್ ಉದ್ದದ ಬಾಯಿ ಕೊಂಬೆಗೆ ತಾಗಿದೆ, ಕೈ ಒಂದು ಕಿಲೋ ಭಾರ ಹಾಕಿದೆ ಎಂದುಕೊಳ್ಳಿ. ಚದರ ಮಿಲಿಮೀಟರಿಗೆ 20 ಕಿಲೋ ಭಾರ ಬಿತ್ತು. ತುದಿ ಸವೆದು 20 ಮೈಕ್ರಾನ್ ಆಯಿತೋ, ಅದೇ ಕೈ, ಅದೇ ಬಲ, ಆದರೆ ಚದರ ಮಿಲಿಮೀಟರಿಗೆ ಸಿಗುವುದು ಒಂದೇ ಕಿಲೋ. ಗದ್ದೆಯ ಕೆಸರಿನಲ್ಲಿ ಬರಿಗಾಲು ಹೂತುಹೋಗುತ್ತದೆ, ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ಮೊಂಡು ಕತ್ತಿ ಎಂದರೆ ತನ್ನ ಕಾಲ ಕೆಳಗೆ ತಾನೇ ಹಲಗೆ ಹಾಕಿಕೊಂಡ ಕತ್ತಿ. ಅದು ಕೊಂಬೆಯನ್ನು ಕಡಿಯುವುದಿಲ್ಲ, ಜಜ್ಜುತ್ತದೆ. ಮರಗಸಿಯಲ್ಲಿ (ತೋಟದ ನೆರಳುಮರಗಳ ಕೊಂಬೆ ಕಡಿಯುವಾಗ), ಕಾಫಿಗಿಡದ ರೆಂಬೆ ಸವರುವಾಗ ಸಿಪ್ಪೆ ಸೀಳಿ ನಾರು ಎದ್ದು ನಿಲ್ಲುವುದು ಇದರಿಂದಲೇ. ಆ ನಾರಿನಲ್ಲಿ ನೀರು ನಿಂತು ಶಿಲೀಂಧ್ರ ಒಳಗೆ ಇಳಿಯುತ್ತದೆ.

ಮೊಂಡಾಗಲು ದಾರಿ ಹಲವು. ಕಳೆ ಕೊಚ್ಚುವಾಗ ಮಣ್ಣಿಗೆ ತಾಗಿದ ಒಂದು ಏಟು ಇಡೀ ದಿನದ ಸವೆತಕ್ಕೆ ಸಮ. ಮರಳಿನ ಕಣ ಹದ ಮಾಡಿದ ಉಕ್ಕಿಗಿಂತ ಗಟ್ಟಿ. ಇನ್ನೊಂದು ದಾರಿ, ಬಾಯಿ ಸವೆಯದೆ ಪಕ್ಕಕ್ಕೆ ಮಡಿಚಿಕೊಳ್ಳುವುದು. ಅಡುಗೆಮನೆ ಚಾಕುವಿನಲ್ಲಿ ಇದು ಸಾಮಾನ್ಯ. ಇದಕ್ಕೆ ಮಸೆಯುವುದೇ ಬೇಡ, ಪಿಂಗಾಣಿ ಲೋಟದ ತಳದ ಒರಟು ಉಂಗುರಕ್ಕೆ ನಾಲ್ಕು ಸಲ ಹಗುರವಾಗಿ ಎಳೆದರೆ ಬಾಯಿ ನೆಟ್ಟಗಾಗುತ್ತದೆ. ಮೂರನೆಯದು ಬೆರಗಿನದು. ಕೂದಲಿಗಿಂತ ಬ್ಲೇಡಿನ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಆದರೂ ಗಡ್ಡ ಬೋಳಿಸಿ ಬೋಳಿಸಿ ಬ್ಲೇಡು ಮೊಂಡಾಗುತ್ತದೆ. ಬಾಗಿದ ಕೂದಲು ಉಕ್ಕಿನ ದುರ್ಬಲ ಜಾಗದ ಪಕ್ಕಕ್ಕೆ ಬಿದ್ದಾಗ ಅಲ್ಲೊಂದು ಚೂರು ಎದ್ದುಬರುವುದನ್ನು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು.

ಮಸೆಯುವಾಗ ಬಹುಪಾಲು ಜನ ತಪ್ಪುವುದು ಕೋನದಲ್ಲಿ. ಲೆಕ್ಕ ಸುಲಭ. ಅಲಗಿನ ಅಗಲದ ಮೂರನೆಯ ಒಂದು ಪಾಲಿನಷ್ಟು ಎತ್ತರಕ್ಕೆ ಬೆನ್ನನ್ನು ಎತ್ತಿದರೆ ಸುಮಾರು 20 ಡಿಗ್ರಿ, ಇದು ಅಡುಗೆ ಚಾಕುವಿಗೆ. ಅರ್ಧದಷ್ಟು ಎತ್ತಿದರೆ 30 ಡಿಗ್ರಿ, ಇದು ಕೊಂಬೆ ಕಡಿಯುವ ಕತ್ತಿಗೆ. ಕಲ್ಲನ್ನು ಒದ್ದೆ ಮಾಡಿ ಒಂದು ಬದಿಯನ್ನು ಮಸೆಯುತ್ತಾ ಹೋಗಿ. ಆಚೆ ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಉಕ್ಕಿನ ತೆಳು ಎಳೆಯೊಂದು ಉದ್ದಕ್ಕೂ ತೊಡರಬೇಕು. ಅದು ಬರುವ ಮೊದಲೇ ಬದಿ ಬದಲಿಸಿದರೆ ಎಷ್ಟು ಮಸೆದರೂ ವ್ಯರ್ಥ, ಎರಡು ಬದಿಗಳು ತುದಿಯಲ್ಲಿ ಇನ್ನೂ ಕೂಡಿಯೇ ಇಲ್ಲ. ಕೊನೆಗೆ ಆ ಎಳೆಯನ್ನು ಹಗುರ ಕೈಯಿಂದ, ಬದಿ ಬದಲಿಸುತ್ತಾ ತೆಗೆಯಿರಿ. ಕರೆಂಟಿನ ಚಕ್ರಕ್ಕೆ ಹಿಡಿಯುವವರು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಲೇಬೇಕು. ಬಾಯಿ ನೀಲಿಯಾಯಿತೆಂದರೆ ಶಾಖ 300 ಡಿಗ್ರಿ ಮುಟ್ಟಿತು, ಹದ ಹೋಯಿತು. ಆ ಕತ್ತಿ ಇಂದು ಹರಿತ, ನಾಳೆ ಮೊಂಡು.

ಈ ಹದದ ಗುಟ್ಟಿಗಾಗಿ ಯುರೋಪು ಒಂದು ಕಾಲದಲ್ಲಿ ನಮ್ಮ ಕಡೆಗೆ ನೋಡಿತ್ತು. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಅವರು ಊಟ್ಜ್ ಎಂದರು. ಆ ಹೆಸರು ನಮ್ಮ ‘ಉಕ್ಕು’ವಿನಿಂದಲೇ ಬಂತೆಂಬುದು ಹೆಚ್ಚು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿದ.

ಬೆಳ್ಳಿಯ ಕಥೆ ತೀರ ಉಲ್ಟಾ. ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು) ಬೆಳ್ಳಿ ಒರೆ ಕಪ್ಪಾದಾಗ ಬೆಳ್ಳಿಯ ಮೇಲೆ ಬೇರೊಂದು ಬಂದು ಕೂತಿದೆ. ಗಾಳಿಯಲ್ಲಿರುವ ಅತಿ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ, ತೇವ ಅದಕ್ಕೆ ವೇಗ ಕೊಡುತ್ತದೆ. ಧರಿಸಿದವರಿಗೆ ಕಾಯಿಲೆ ಬರುವ ಸೂಚನೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ರಬ್ಬರ್ ಬ್ಯಾಂಡ್ ಸುತ್ತಿಟ್ಟ ಬೆಳ್ಳಿ ಯಾರೂ ತೊಡದೆಯೇ ಪೆಟ್ಟಿಗೆಯಲ್ಲಿ ಕಪ್ಪಾಗುತ್ತದೆ, ಏಕೆಂದರೆ ರಬ್ಬರಿನಲ್ಲಿ ಗಂಧಕವಿದೆ. ಹುಣಸೆಹಣ್ಣು ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ, ಈ ಕಪ್ಪಿಗೆ ನಾಟುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ, ತಳದಲ್ಲಿ ಅಲ್ಯೂಮಿನಿಯಂ ಹಾಳೆ ಹರಡಿ, ಬೆಳ್ಳಿ ಅದಕ್ಕೆ ತಾಗುವಂತೆ ಐದು ನಿಮಿಷ ಇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ. ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಯಿತು, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು. ಕಲ್ಲು ಕೂರಿಸಿದ ಒಡವೆಯನ್ನೂ ಒಳಗೆ ಮರವಿರುವ ಒರೆಯನ್ನೂ ಮುಳುಗಿಸಬಾರದು, ಸೀಮೆಸುಣ್ಣದ ಪುಡಿ ಹಾಕಿ ಬಟ್ಟೆಯಿಂದ ಉಜ್ಜಿದರೆ ಸಾಕು.

ಕಾಫಿಪುಡಿಯಲ್ಲಿ ನಿಜವಾಗಿಯೂ ಹೋಗುವುದಿದೆ. ಘಮದ ಅಣುಗಳು ಹಾರಿಹೋಗುತ್ತವೆ, ಉಳಿದ ಎಣ್ಣೆಯನ್ನು ಆಮ್ಲಜನಕ ಕೆಡಿಸುತ್ತದೆ. ಬೇಕಾದಷ್ಟೇ ಪುಡಿ ಮಾಡಿಸುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಕರಿಮೆಣಸು ಮಾತ್ರ ಮತ್ತೆ ಕತ್ತಿಯ ಜಾತಿಗೇ ಸೇರುತ್ತದೆ. ಅದರ ಖಾರ ಪೈಪರೀನ್ ಎಂಬ ಅಣುವಿನದು. ಫ್ಯಾರಡೆ ಉಕ್ಕನ್ನು ಪರೀಕ್ಷಿಸಿದ ಅದೇ 1819ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಇದನ್ನು ಬೇರ್ಪಡಿಸಿದ. ಮರುವರ್ಷ ವಿದ್ಯುತ್ತು ಕಾಂತಸೂಜಿಯನ್ನು ಅಲುಗಿಸುವುದನ್ನು ತೋರಿಸಿದವನೂ ಇವನೇ. ಪೈಪರೀನ್ ಅಣು ನೀಳವಾಗಿ ಚಾಚಿಕೊಂಡಿರುತ್ತದೆ. ಬೆಳಕು ಬಿದ್ದಾಗ ಅದರ ಜೋಡಿ ಬಂಧಗಳು ತಿರುಗಿ, ಅಣು ಬಾಗುತ್ತದೆ. 17 ಇಂಗಾಲ, 19 ಜಲಜನಕ, 1 ಸಾರಜನಕ, 3 ಆಮ್ಲಜನಕ, ಒಂದು ಪರಮಾಣುವೂ ಕಡಿಮೆಯಾಗಿಲ್ಲ. ಆದರೂ ಬಾಗಿದ ಅಣುವಿಗೆ ಹೆಚ್ಚುಕಡಿಮೆ ಖಾರವೇ ಇಲ್ಲ. ಕತ್ತಿಯ ಬಾಯಿ ಮಡಿಚಿದಂತೆಯೇ ಇದು, ಆದರೆ ಇದನ್ನು ನೆಟ್ಟಗೆ ಮಾಡುವ ಮಸೆಗಲ್ಲು ಮನೆಯಲ್ಲಿಲ್ಲ. ಹಾಗಾಗಿ ಪಂದಿಕರಿಗೆಂದು ಹುರಿದು ಪುಡಿ ಮಾಡಿದ ಮೆಣಸನ್ನು ಕಿಟಕಿಯ ಪಕ್ಕದ ಗಾಜಿನ ಶೀಶೆಯಲ್ಲಿ ಇಡಬೇಡಿ. ತಗಡಿನ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ.