ಕೊರಿಯಾ ಯುದ್ಧ (1950–53): ಗಡಿಯ ಆಚೆ ಬದಲಾದದ್ದೇನು?

ದೊಡ್ಡ ಯುದ್ಧವೊಂದು ಅಂತರರಾಷ್ಟ್ರೀಯ ಭದ್ರತೆಯನ್ನು ಹೇಗೆ ಬದಲಿಸುತ್ತದೆ? ರಾಜ್ಯಶಾಸ್ತ್ರ ಓದುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಹೆಚ್ಚಿನವರು ಎರಡನೇ ಮಹಾಯುದ್ಧವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ಅದು ಸರಿಯೇ. ಆದರೆ ಅಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದು ಸ್ಪಷ್ಟ. ಗೆದ್ದವರು ಹೊಸ ವ್ಯವಸ್ಥೆ ಕಟ್ಟಿದರು ಎಂದು ಬರೆದರೆ ಉತ್ತರ ಮುಗಿಯಿತು. ಅದಕ್ಕೇ ಈ ಟಿಪ್ಪಣಿಗೆ ಕೊರಿಯಾ ಯುದ್ಧವನ್ನು ಆರಿಸಿಕೊಂಡಿದ್ದೇನೆ.

ಈ ಯುದ್ಧ ಮೂರು ವರ್ಷ ನಡೆದು, ಶುರುವಾದ ಜಾಗದ ಹತ್ತಿರವೇ ನಿಂತಿತು. ಲಕ್ಷಾಂತರ ಕೊರಿಯನ್ನರು ಸತ್ತರು. ಅವರಲ್ಲಿ ಬಹಳಷ್ಟು ಜನ ಸಾಮಾನ್ಯ ನಾಗರಿಕರು. ಫಲಿತಾಂಶ ಏನು ಅಂದರೆ "ಯಾರೂ ಗೆಲ್ಲಲಿಲ್ಲ" ಎಂದು ಬರೆದು ನಾವು ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಇದು ತುಂಬಾ ಸಣ್ಣ ಉತ್ತರ. ಶೀತಲ ಸಮರಕ್ಕೆ ಸೈನ್ಯ, ಶಸ್ತ್ರ, ನೆಲೆಗಳ ರೂಪ ಬಂದದ್ದು ಮುಖ್ಯವಾಗಿ ಈ ಯುದ್ಧದಿಂದ. ರಣರಂಗದ ನಕ್ಷೆಯನ್ನಷ್ಟೇ ನೋಡಿದರೆ ಅದು ಕಾಣುವುದಿಲ್ಲ. ಯಾವ ದೇಶ ಎಷ್ಟು ಖರ್ಚು ಮಾಡತೊಡಗಿತು, ಯಾರು ಯಾರಿಗೆ ರಕ್ಷಣೆಯ ಮಾತು ಕೊಟ್ಟರು, ಯಾರು ಯಾರನ್ನು ನಂಬುವುದು ಬಿಟ್ಟರು ಎಂದು ನೋಡಬೇಕು.

ಹಿನ್ನೆಲೆ, ಚುಟುಕಾಗಿ

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಜಪಾನ್ ಸೋತಾಗ 38ನೇ ಅಕ್ಷಾಂಶದಲ್ಲಿ ಗೆರೆ ಎಳೆದು, ಉತ್ತರವನ್ನು ಸೋವಿಯತ್ ಸೇನೆ, ದಕ್ಷಿಣವನ್ನು ಅಮೆರಿಕದ ಸೇನೆ ವಹಿಸಿಕೊಂಡವು. ತಾತ್ಕಾಲಿಕ ಎಂದುಕೊಂಡಿದ್ದ ಗೆರೆ 1948ರಲ್ಲಿ ಎರಡು ದೇಶಗಳ ನಡುವಿನ ಗಡಿಯಾಯಿತು. 1950ರ ಜೂನ್ 25ರಂದು ಉತ್ತರದ ಸೇನೆ ಅದನ್ನು ದಾಟಿತು.

ದಾಳಿಗೆ ಒಪ್ಪಿಗೆ ಕೊಡಿ ಎಂದು ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ಮೊದಲೇ ಕೇಳುತ್ತಿದ್ದರೂ ಸೋವಿಯತ್ ನಾಯಕ ಸ್ಟಾಲಿನ್ ಒಪ್ಪಿದ್ದು 1950ರಲ್ಲಿ. ಅಷ್ಟರಲ್ಲಿ ಎರಡು ದೊಡ್ಡ ಬದಲಾವಣೆ ಆಗಿದ್ದವು. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷಿಸಿತ್ತು. ಅಕ್ಟೋಬರ್‌ನಲ್ಲಿ ಮಾವೋ ಹೊಸ ಚೀನಾವನ್ನು ಘೋಷಿಸಿದ್ದರು. ಇವುಗಳ ಜೊತೆಗೆ, 1950ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ತಮ್ಮ ದೇಶ ಕಾಯುವ ರಕ್ಷಣಾ ರೇಖೆಯನ್ನು ವಿವರಿಸಿದರು. ಕೊರಿಯಾ ಆ ರೇಖೆಯ ಹೊರಗಿತ್ತು. ಈ ಭಾಷಣಕ್ಕೆ ಎಷ್ಟು ತೂಕ ಕೊಡಬೇಕೆಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಅದನ್ನೇ ಯುದ್ಧದ ಕಾರಣ ಎಂದು ಬರೆಯಬೇಡಿ. ಎದುರಾಳಿ ಅಡ್ಡ ಬರುವುದಿಲ್ಲ ಎಂಬ ಲೆಕ್ಕಾಚಾರಕ್ಕೆ ಅದು ಬಲ ಕೊಟ್ಟಿರಬಹುದು, ಅಷ್ಟೇ.

ಭದ್ರತಾ ಮಂಡಳಿಯಲ್ಲಿ ಖಾಲಿ ಇದ್ದ ಕುರ್ಚಿ

ಆ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದಾಗಿತ್ತು. ಕುರ್ಚಿಯಲ್ಲಿ ಕೂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಇವರೇ. ಚೀನಾದ ಸ್ಥಾನವನ್ನು ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಡಲಿಲ್ಲ ಎಂದು ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಹಾಗಾಗಿ ವೀಟೋ ಹಾಕಲು, ಅಂದರೆ ಒಂದೇ ಮತದಿಂದ ನಿರ್ಣಯ ತಡೆಯಲು, ಯಾರೂ ಇರಲಿಲ್ಲ. ದಾಳಿ ನಿಲ್ಲಿಸಿ ಎಂಬ ಮೊದಲ ನಿರ್ಣಯ ಪಾಸಾಯಿತು. ಭಾರತವೂ ಅದರ ಪರ ಮತ ಹಾಕಿತು. ಎರಡೇ ದಿನದಲ್ಲಿ ದಕ್ಷಿಣಕ್ಕೆ ಸೇನಾ ನೆರವು ಕೊಡಿ ಎಂಬ ನಿರ್ಣಯವೂ ಬಂತು.

ವಿಶ್ವಸಂಸ್ಥೆಯ ಸಾಮೂಹಿಕ ಭದ್ರತೆ ಕೆಲಸ ಮಾಡಿದ ಉದಾಹರಣೆ ಎಂದು ಇದನ್ನು ಹೊಗಳುವುದುಂಟು. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಒಂದು ದೊಡ್ಡ ಶಕ್ತಿ ಸಭೆಯಲ್ಲಿ ಇಲ್ಲದ್ದರಿಂದ ಅದು ನಡೆಯಿತು. ಆಗಸ್ಟ್‌ನಲ್ಲಿ ಸೋವಿಯತ್ ಪ್ರತಿನಿಧಿ ವಾಪಸ್ ಬಂದ ಮೇಲೆ ಮಂಡಳಿ ಮತ್ತೆ ಸ್ತಬ್ಧವಾಯಿತು. ಆಗ ಅಮೆರಿಕ ಹುಡುಕಿದ ದಾರಿ ಇಂದಿಗೂ ಬಳಕೆಯಲ್ಲಿದೆ. 1950ರ ನವೆಂಬರ್ 3ರ ಸಾಮಾನ್ಯ ಸಭೆಯ 377ನೇ ನಿರ್ಣಯವದು. ವೀಟೋದಿಂದ ಮಂಡಳಿ ಕಟ್ಟಿಬಿದ್ದರೆ ವಿಷಯವನ್ನು ಸಾಮಾನ್ಯ ಸಭೆ ಕೈಗೆತ್ತಿಕೊಳ್ಳಬಹುದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ವಿಷಯದಲ್ಲಿ ರಷ್ಯಾ ವೀಟೋ ಹಾಕಿದಾಗ ತುರ್ತು ಅಧಿವೇಶನ ಕರೆದದ್ದು ಇದೇ ನಿರ್ಣಯದ ಅಡಿಯಲ್ಲಿ.

ಕೇಳಿಸಿಕೊಳ್ಳದ ಎಚ್ಚರಿಕೆ

ಈ ಭಾಗವನ್ನು ನಿಧಾನವಾಗಿ ಓದಿ. ಭದ್ರತೆಯ ಸಿದ್ಧಾಂತಗಳೆಲ್ಲ ಇಲ್ಲಿ ಜೀವಂತವಾಗಿ ಸಿಗುತ್ತವೆ.

ಸೆಪ್ಟೆಂಬರ್ 15ರಂದು ವಿಶ್ವಸಂಸ್ಥೆಯ ಪಡೆಗಳ ದಂಡನಾಯಕ, ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್ ಇಂಚಾನ್ ಬಂದರಿನಲ್ಲಿ ಸೇನೆ ಇಳಿಸಿದರು. ಉತ್ತರದ ಸೇನೆ ಚದುರಿಹೋಯಿತು. ದಕ್ಷಿಣವನ್ನು ಉಳಿಸುವ ಗುರಿ ಮುಟ್ಟಿದಂತಾಯಿತು. ಆದರೆ ಗೆಲುವು ಕೈಗೆ ಸಿಕ್ಕಾಗ ಗುರಿಯೂ ದೊಡ್ಡದಾಯಿತು. 38ನೇ ರೇಖೆ ದಾಟಿ ಇಡೀ ಕೊರಿಯಾವನ್ನು ಒಂದು ಮಾಡೋಣ ಎಂದಾಯಿತು.

ಅಕ್ಟೋಬರ್ ಆರಂಭದ ಒಂದು ರಾತ್ರಿ, ಹನ್ನೆರಡರ ಹೊತ್ತಿಗೆ, ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ಅಮೆರಿಕದ ಸೇನೆ ರೇಖೆ ದಾಟಿದರೆ ಚೀನಾ ಸುಮ್ನೆ ಇರುವುದಿಲ್ಲ ಎಂದು ತಿಳಿಸಿದರು. ಚೀನಾಕ್ಕೂ ಅಮೆರಿಕಕ್ಕೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಹಾಗಾಗಿ ಮಾತು ದೆಹಲಿಯ ಮೂಲಕ ಹೋಗಬೇಕಿತ್ತು. ಹೋಯಿತು ಕೂಡ. ಆದರೆ ಪಣಿಕ್ಕರ್ ಚೀನಾದ ಕಡೆ ವಾಲಿದವರು ಎಂಬ ಅನುಮಾನ ವಾಷಿಂಗ್ಟನ್‌ನಲ್ಲಿತ್ತು. ಎಚ್ಚರಿಕೆಯನ್ನು ಬರೀ ಬೆದರಿಕೆ ಎಂದುಕೊಂಡರು. ಅಕ್ಟೋಬರ್ 15ರಂದು ಚೀನಾ ಬರುವ ಸಾಧ್ಯತೆ ತೀರಾ ಕಡಿಮೆ ಎಂದು ಮ್ಯಾಕ್‌ಆರ್ಥರ್ ಅಧ್ಯಕ್ಷ ಟ್ರೂಮನ್ ಅವರಿಗೆ ಭರವಸೆ ಕೊಟ್ಟರು. ನಾಲ್ಕು ದಿನಕ್ಕೆ ಚೀನೀ ಸೈನಿಕರು ಚೀನಾ–ಕೊರಿಯಾ ಗಡಿಯ ಯಾಲು ನದಿ ದಾಟತೊಡಗಿದರು. ನವೆಂಬರ್ ಕೊನೆಯಲ್ಲಿ ಅವರ ದೊಡ್ಡ ದಾಳಿಗೆ ಸಿಕ್ಕಿ ಅಮೆರಿಕದ ಸೇನೆ ಉತ್ತರ ಕೊರಿಯಾವನ್ನೇ ಬಿಟ್ಟು ಹಿಂದೆ ಸರಿಯಬೇಕಾಯಿತು.

ತನ್ನ ಮನೆ ಬಾಗಿಲಿಗೆ ಎದುರಾಳಿಯ ಸೇನೆ ಬಂದರೆ ದೊಡ್ಡ ದೇಶ ಹೆದರುತ್ತದೆ. ಆ ಹೆದರಿಕೆ ಎದುರಾಳಿಗೆ ಆಕ್ರಮಣವಾಗಿ ಕಾಣುತ್ತದೆ. ಭದ್ರತಾ ಸಂದಿಗ್ಧ ಎಂದು ನಾವು ಓದುವುದು ಇದನ್ನೇ ಅಲ್ವಾ? ನೇರ ಮಾತುಕತೆಯ ದಾರಿ ಮುಚ್ಚಿದ್ದರೆ ಅಪಾಯ ಇನ್ನೂ ಜಾಸ್ತಿ.

ಯುದ್ಧಕ್ಕೆ ಹಾಕಿಕೊಂಡ ಮಿತಿ

ಚೀನಾದ ಮೇಲೇ ಯುದ್ಧ ವಿಸ್ತರಿಸಬೇಕು ಎಂದು ಮ್ಯಾಕ್‌ಆರ್ಥರ್ ಬಹಿರಂಗವಾಗಿ ವಾದಿಸಿದರು. 1951ರ ಏಪ್ರಿಲ್‌ನಲ್ಲಿ ಟ್ರೂಮನ್ ಅವರನ್ನು ವಜಾ ಮಾಡಿದರು. ಅದಕ್ಕೂ ಮೊದಲು, 1950ರ ನವೆಂಬರ್ 30ರಂದು, ಅಣುಬಾಂಬ್ ಬಳಕೆಯೂ ಪರಿಶೀಲನೆಯಲ್ಲಿದೆ ಎಂದು ಟ್ರೂಮನ್ ಅವರೇ ಪತ್ರಕರ್ತರ ಮುಂದೆ ಹೇಳಿದ್ದರು. ಗಾಬರಿಯಾದ ಬ್ರಿಟಿಷ್ ಪ್ರಧಾನಿ ಆಟ್ಲಿ ಕೂಡಲೇ ವಾಷಿಂಗ್ಟನ್‌ಗೆ ಹಾರಿದರು. ಕೊನೆಗೆ ಬಾಂಬ್ ಬಳಕೆಯಾಗಲಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕೊರಿಯಾದ ಆಕಾಶದಲ್ಲಿ ಸೋವಿಯತ್ ಪೈಲಟ್‌ಗಳು ಮಿಗ್-15 ಹಾರಿಸುತ್ತ ಅಮೆರಿಕದ ವಿಮಾನಗಳ ಜೊತೆ ನೇರವಾಗಿ ಕಾದಾಡುತ್ತಿದ್ದರು. ಮಾಸ್ಕೋ ಇದನ್ನು ಮುಚ್ಚಿಟ್ಟಿತು. ಅಮೆರಿಕಕ್ಕೆ ಗೊತ್ತಿತ್ತು, ಆದರೂ ಅದೂ ಬಾಯಿ ಬಿಡಲಿಲ್ಲ. ಬಹಿರಂಗವಾದರೆ ಎರಡೂ ಕಡೆ ಜನರ ಒತ್ತಡಕ್ಕೆ ಸಿಕ್ಕಿ ಯುದ್ಧ ದೊಡ್ಡದಾಗುತ್ತಿತ್ತು. ಅಣ್ವಸ್ತ್ರ ದೇಶಗಳು ಒಳಗೊಳಗೇ ಗುದ್ದಾಡಿ, ಹೊರಗೆ ಮೌನವಾಗಿರುವ ಈ ರೂಢಿ ಶೀತಲ ಸಮರದುದ್ದಕ್ಕೂ ಉಳಿಯಿತು.

ಕೊರಿಯಾದಿಂದ ದೂರದಲ್ಲಿ ಆದದ್ದು

ಮೊದಲು ದುಡ್ಡು. ಸೇನೆಯನ್ನು ಭಾರಿಯಾಗಿ ಹಿಗ್ಗಿಸಬೇಕೆಂಬ ಗುಪ್ತ ವರದಿಯೊಂದು 1950ರ ಏಪ್ರಿಲ್‌ನಲ್ಲೇ ಟ್ರೂಮನ್ ಮೇಜಿನ ಮೇಲಿತ್ತು. ಅವರು ಖರ್ಚಿಗೆ ಹಿಂಜರಿದಿದ್ದರು. ಯುದ್ಧ ಆ ಹಿಂಜರಿಕೆಯನ್ನು ತೆಗೆದುಹಾಕಿತು. ಸುಮಾರು 1,300 ಕೋಟಿ ಡಾಲರ್ ಇದ್ದ ಅಮೆರಿಕದ ವಾರ್ಷಿಕ ರಕ್ಷಣಾ ವೆಚ್ಚ ಕೆಲವೇ ವರ್ಷದಲ್ಲಿ ಮೂರು ಪಟ್ಟಿಗೂ ಜಾಸ್ತಿಯಾಯಿತು. ಯುದ್ಧ ಮುಗಿದ ಮೇಲೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ.

ಯುರೋಪ್ ನೋಡಿ. ಪಶ್ಚಿಮದ ದೇಶಗಳ ಸೇನಾ ಕೂಟ ನ್ಯಾಟೊ 1949ರಲ್ಲೇ ಹುಟ್ಟಿದ್ದರೂ ಅದು ಹೆಚ್ಚಾಗಿ ಕಾಗದದ ಮೇಲಿನ ಭರವಸೆಯಾಗಿತ್ತು. ಕೊರಿಯಾದಲ್ಲಿ ಆದದ್ದು ನಾಳೆ ಜರ್ಮನಿಯಲ್ಲೂ ಆದರೆ ಎಂಬ ಭಯ ಹುಟ್ಟಿತು. 1950ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಐಸೆನ್‌ಹೋವರ್ ನ್ಯಾಟೊ ಪಡೆಗಳ ಮುಖ್ಯ ದಂಡನಾಯಕರಾಗಿ ನೇಮಕವಾದರು. ಕೊರಿಯಾಕ್ಕೆ ಬ್ರಿಗೇಡ್ ಕಳಿಸಿದ್ದ ಟರ್ಕಿ, ಅದರ ಜೊತೆ ಗ್ರೀಸ್, 1952ರಲ್ಲಿ ನ್ಯಾಟೊ ಸೇರಿದವು. ಎಲ್ಲಕ್ಕಿಂತ ದೊಡ್ಡ ವಿಷಯ ಪಶ್ಚಿಮ ಜರ್ಮನಿಯದು. ಹಿಟ್ಲರ್ ಸತ್ತು ಐದು ವರ್ಷಕ್ಕೆ ಜರ್ಮನ್ನರ ಕೈಗೆ ಮತ್ತೆ ಬಂದೂಕು ಕೊಡುವ ಮಾತು ಶುರುವಾಯಿತು. ಫ್ರಾನ್ಸ್‌ಗೆ ಇದು ಸಹಿಸಲಾಗದ ಮಾತು. ನಾಲ್ಕು ವರ್ಷ ಎಳೆದಾಟವಾಗಿ, 1955ರ ಮೇನಲ್ಲಿ ಪಶ್ಚಿಮ ಜರ್ಮನಿ ನ್ಯಾಟೊ ಸೇರಿತು. ಅದೇ ತಿಂಗಳು ಸೋವಿಯತ್ ಬಣದ ವಾರ್ಸಾ ಒಪ್ಪಂದವಾಯಿತು.

ಜಪಾನ್ ಕಥೆಯೂ ಇಂಥದ್ದೇ. ಸೇನೆ ಇಟ್ಟುಕೊಳ್ಳುವುದಿಲ್ಲ ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶದಲ್ಲಿ 1950ರ ಆಗಸ್ಟ್‌ನಲ್ಲಿ 75,000 ಜನರ ಮೀಸಲು ಪೊಲೀಸ್ ಪಡೆ ಕಟ್ಟಲಾಯಿತು. ಇಂದಿನ ಸ್ವರಕ್ಷಣಾ ಪಡೆಗಳ ಬೀಜ ಅದು. ಮುಳುಗುವ ಹಂತದಲ್ಲಿದ್ದ ಟೊಯೋಟಾ ಅಮೆರಿಕದ ಸೇನೆ ಕೊಟ್ಟ ಟ್ರಕ್ ಆರ್ಡರ್‌ಗಳಿಂದ ಚೇತರಿಸಿಕೊಂಡಿತು. 1951ರ ಸೆಪ್ಟೆಂಬರ್ 8ರಂದು ಶಾಂತಿ ಒಪ್ಪಂದಕ್ಕೂ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದಕ್ಕೂ ಒಂದೇ ದಿನ ಸಹಿ ಬಿತ್ತು.

ತೈವಾನ್ ವಿಷಯವನ್ನಂತೂ ಬಿಡಲೇಬೇಡಿ. ಮಾವೋಗೆ ಸೋತ ಚೀನಾದ ಹಳೆಯ ಸರ್ಕಾರ ಆ ದ್ವೀಪಕ್ಕೆ ಹೋಗಿ ಸೇರಿತ್ತು. ಅಲ್ಲಿ ತಲೆಹಾಕುವುದಿಲ್ಲ ಎಂದು ಟ್ರೂಮನ್ 1950ರ ಜನವರಿಯಲ್ಲಿ ಹೇಳಿದ್ದರು. ಜೂನ್ 27ರಂದು ಅಮೆರಿಕದ 7ನೇ ನೌಕಾಪಡೆಗೆ ತೈವಾನ್ ಜಲಸಂಧಿಗೆ ಹೋಗಲು ಅವರೇ ಆದೇಶ ಕೊಟ್ಟರು. ದ್ವೀಪ ವಶಪಡಿಸಿಕೊಳ್ಳುವ ಮಾವೋ ಯೋಜನೆ ಮೂಲೆಗೆ ಸೇರಿತು. ಇಂದು ಚೀನಾ–ಅಮೆರಿಕ ನಡುವಿನ ಅತಿ ಅಪಾಯದ ಬಿಂದು ಯಾವುದು ಎಂದರೆ ಇದೇ ಜಲಸಂಧಿ.

ಚೀನಾಕ್ಕೆ ಆದದ್ದು ಮಿಶ್ರಫಲ. ಭಾರಿ ಸಾವುನೋವು, ವ್ಯಾಪಾರ ನಿರ್ಬಂಧ, 1971ರವರೆಗೆ ವಿಶ್ವಸಂಸ್ಥೆಯ ಬಾಗಿಲು ಬಂದ್. ಆದರೆ ಅಮೆರಿಕವನ್ನು ತಡೆದು ನಿಲ್ಲಿಸಿದ ದೇಶ ಎಂಬ ಹೆಸರು ಬಂತು. ಸೋವಿಯತ್ ಶಸ್ತ್ರಗಳು ಬಹುಪಾಲು ಸಾಲದ ಲೆಕ್ಕದಲ್ಲಿ ಬಂದವು. ಆ ಅಸಮಾಧಾನ ಒಳಗೇ ಉಳಿಯಿತು.

ಭಾರತಕ್ಕೆ ಬಂದ ಪಾತ್ರ, ಬಿದ್ದ ಹೊರೆ

ಚೀನಾವನ್ನು ಆಕ್ರಮಣಕಾರ ಎಂದು ಕರೆಯುವ 1951ರ ಫೆಬ್ರವರಿಯ ನಿರ್ಣಯಕ್ಕೆ ಭಾರತ ವಿರುದ್ಧ ಮತ ಹಾಕಿತು. ಎರಡೂ ಕಡೆ ಟೀಕೆ ಕೇಳಿದರೂ ಮಾತುಕತೆಯ ದಾರಿ ತೆರೆದಿಡಲು ಯತ್ನಿಸಿತು. ಯುದ್ಧಕೈದಿಗಳನ್ನು ಬಲವಂತವಾಗಿ ವಾಪಸ್ ಕಳಿಸಬೇಕೇ ಎಂಬ ಪ್ರಶ್ನೆ ಕದನವಿರಾಮವನ್ನು ತಿಂಗಳುಗಟ್ಟಲೆ ತಡೆದಿತ್ತು. 1953ರ ಜುಲೈ 27ರ ಕದನವಿರಾಮದ ನಂತರ, ವಾಪಸ್ ಹೋಗಲು ಒಪ್ಪದ 22,000ಕ್ಕೂ ಜಾಸ್ತಿ ಕೈದಿಗಳ ಹೊಣೆ ಐದು ತಟಸ್ಥ ದೇಶಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದರು. ನಮ್ಮವರನ್ನು ಹಡಗಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಸೇನಾಮುಕ್ತ ವಲಯಕ್ಕೆ ಒಯ್ಯಬೇಕಾಯಿತು. ಅಂಥ ಹಗೆತನದ ನಡುವೆ ತಿಮ್ಮಯ್ಯ ಆ ಕೆಲಸ ನಿಭಾಯಿಸಿದ್ದಕ್ಕೆ ನಮ್ಮ ಪಠ್ಯಗಳಲ್ಲಿ ಇನ್ನಷ್ಟು ಜಾಗ ಸಿಗಬೇಕು.

ಹೊರೆ ಬಿದ್ದದ್ದು ಇನ್ನೊಂದು ಕಡೆಯಿಂದ. ಕೊರಿಯಾ ನಂತರ ಅಮೆರಿಕ ಏಷ್ಯಾದುದ್ದಕ್ಕೂ ಮಿತ್ರರ ಸರಪಳಿ ಕಟ್ಟತೊಡಗಿತು. 1954ರ ಮೇನಲ್ಲಿ ಪಾಕಿಸ್ತಾನದ ಜೊತೆ ಸೇನಾ ನೆರವಿನ ಒಪ್ಪಂದ ಮಾಡಿಕೊಂಡಿತು. ಯುದ್ಧವಿಲ್ಲದಿದ್ದರೆ ಈ ಒಪ್ಪಂದ ಆಗುತ್ತಲೇ ಇರಲಿಲ್ಲ ಎಂದು ಹೇಳಲಾಗದು. ಆದರೆ ಅದಕ್ಕೆ ಬೇಕಾದ ದುಡ್ಡು, ಭಯ, ಆತುರ ಮೂರನ್ನೂ ಒದಗಿಸಿದ್ದು ಕೊರಿಯಾ. ಕಮ್ಯುನಿಸ್ಟರನ್ನು ತಡೆಯಲೆಂದು ಕೊಟ್ಟ ಆ ನೆರವಿನಲ್ಲೇ ಪಾಕಿಸ್ತಾನಕ್ಕೆ ಪ್ಯಾಟನ್ ಟ್ಯಾಂಕ್‌ಗಳು ಬಂದವು. 1965ರಲ್ಲಿ ಪಂಜಾಬಿನ ಖೇಮ್ ಕರಣ್ ಬಳಿ ನಮ್ಮ ಸೈನಿಕರು ಎದುರಿಸಿದ್ದು ಆ ಟ್ಯಾಂಕ್‌ಗಳನ್ನು.