‘ಟಾಕ್ ಇನ್‌ಟು’ ಅಂದರೆ ಬರೀ ಒಪ್ಪಿಸುವುದಾ?

ಶಿರಸಿಯ ಓದುಗರೊಬ್ಬರ ಪ್ರಶ್ನೆ: “ಇಂಗ್ಲಿಷಿನಲ್ಲಿ ‘ಪರ್ಸ್ವೇಡ್’ ಅಂದ್ರೂ ಒಪ್ಪಿಸುವುದು, ‘ಟಾಕ್ ಇನ್‌ಟು’ ಅಂದ್ರೂ ಒಪ್ಪಿಸುವುದು. ಒಂದರ ಜಾಗದಲ್ಲಿ ಇನ್ನೊಂದು ಹಾಕಬಹುದಾ?”

ಎಷ್ಟೋ ಕಡೆ ಹಾಕಬಹುದು. ಆದರೆ ಕೇಳುವವರಿಗೆ ಎರಡೂ ಒಂದೇ ಥರ ಕೇಳಿಸುವುದಿಲ್ಲ.

ನಿಮ್ಮೂರಿನ ಅಡಿಕೆಯನ್ನೇ ತೆಗೆದುಕೊಳ್ಳಿ. ದರ ಏರಲಿ ಅಂತ ಅಪ್ಪ ರಾಶಿ ಅಡಿಕೆ ಮೂಟೆಗಳನ್ನು ಹಾಗೇ ಇಟ್ಟಿದ್ದಾರೆ. ವ್ಯಾಪಾರಿ ಬಂದ, ಜಗಲಿ ಮೇಲೆ ಕೂತು ಕವಳ ಹಾಕಿದ. “ಮುಂದಿನ ವಾರ ದರ ಬೀಳ್ತದೆ ಹೆಗಡೇರೆ, ಈಗ್ಲೇ ಕೊಟ್ಬಿಡಿ” ಅಂದ. ಅಪ್ಪ ಬೇಡ ಅಂದರು. ಅವನು ಏಳಲಿಲ್ಲ. ಸಂಜೆಗೆ ಮೂಟೆಗಳು ಗಾಡಿ ಏರಿದವು. ಇದು ‘ಹಿ ಟಾಕ್ಡ್ ಮೈ ಫಾದರ್ ಇನ್‌ಟು ಸೆಲ್ಲಿಂಗ್’. ಅಪ್ಪನಿಗೆ ಮೊದಲು ಮನಸ್ಸಿರಲಿಲ್ಲ, ಅವನು ದುಂಬಾಲು ಬಿದ್ದು ಮಾತಿನಲ್ಲೇ ಒಪ್ಪಿಸಿದ ಅನ್ನುವುದೆಲ್ಲ ಅದರೊಳಗೇ ಬಂತು. ‘ಪರ್ಸ್ವೇಡೆಡ್ ಹಿಮ್ ಟು ಸೆಲ್’ ಎಂದಿದ್ದರೆ ಕಾರಣ ಕೊಟ್ಟ, ಅಪ್ಪ ಒಪ್ಪಿದರು, ಅಷ್ಟೇ.

ಹಾಗಂತ ಇದು ಯಾವಾಗಲೂ ಕೆಟ್ಟದ್ದಕ್ಕೇ ಅಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಗೆ “ರಶ್ ಜಾಸ್ತಿ, ನಾ ಬರೂದಿಲ್ಲ” ಎನ್ನುವ ಗೆಳತಿಯನ್ನು ಹೊರಡಿಸಿದರೂ ‘ಐ ಟಾಕ್ಡ್ ಹರ್ ಇನ್‌ಟು ಇಟ್’ ಅನ್ನಬಹುದು. ಅಲ್ಲಿ ಇರುವುದು ಸಲಿಗೆ. ಪಂಚಾಯಿತಿ ಠರಾವಿನಲ್ಲಿ, ಅರ್ಜಿಯಲ್ಲಿ ಮಾತ್ರ ಬೇಡ. ‘ಅಧಿಕಾರಿಯನ್ನು ಟಾಕ್ ಇನ್‌ಟು ಮಾಡಿದೆವು’ ಎಂದು ಬರೆದರೆ ಅವರನ್ನು ಪುಸಲಾಯಿಸಿ ಕೆಲಸ ಮಾಡಿಸಿಕೊಂಡ ಹಾಗೆ ಕೇಳುತ್ತದೆ. ಅಲ್ಲಿ ‘ಪರ್ಸ್ವೇಡ್’ ಸಾಕು.

ಮಕ್ಕಳು ಎಡವುವುದು ಜೋಡಣೆಯಲ್ಲಿ. ಯಾರನ್ನು ಒಪ್ಪಿಸಿದಿರೋ ಅವರು ‘ಟಾಕ್’ಗೂ ‘ಇನ್‌ಟು’ಗೂ ನಡುವೆ ಬರಬೇಕು: ‘ಟಾಕ್ ಹರ್ ಇನ್‌ಟು’. ‘ಟಾಕ್ ಇನ್‌ಟು’ ಬಳಿಕ ನೇರವಾಗಿ ಬರುವುದು ಮೈಕು, ಫೋನು. ಅಂದರೆ ಅದರಲ್ಲಿ ಮಾತಾಡುವುದು. ಕ್ರಿಯೆ ಬಂದರೆ ಅದಕ್ಕೆ ‘ಇಂಗ್’ ಬಾಲ ಬೇಕು: ‘ಇನ್‌ಟು ಗೋಯಿಂಗ್’. ‘ಇನ್‌ಟು ಟು ಗೋ’ ತಪ್ಪು. ‘ಪರ್ಸ್ವೇಡ್’ ಜೊತೆಗೆ ಬರುವ ‘ಟು’ ಇಲ್ಲಿಗೂ ನುಸುಳಿ ಈ ತಪ್ಪಾಗುವುದೇ ಜಾಸ್ತಿ.

ಬೇಡ ಅಂತ ಮನಸ್ಸು ತಿರುಗಿಸುವುದಕ್ಕೆ ‘ಟಾಕ್ ಔಟ್ ಆಫ್’. ಕಾರವಾರದಲ್ಲಿ ಜೋರು ಮಳೆಯಲ್ಲಿ ಪಾತಿ ದೋಣಿ ಕಡಲಿಗೆ ಇಳಿಸಲು ಹೊರಟ ತಮ್ಮನಿಗೆ ಅಕ್ಕ ಬುದ್ಧಿ ಹೇಳಿ ನಿಲ್ಲಿಸಿದಳು ಅನ್ನಿ: ‘ಶಿ ಟಾಕ್ಡ್ ಹಿಮ್ ಔಟ್ ಆಫ್ ಇಟ್’. ಅವನು ನಿಂತ ಅಂತಲೇ ಇದರರ್ಥ. ಅಕ್ಕ ಹೇಳಿದ್ದಷ್ಟೇ, ತಮ್ಮ ಕೇಳದೆ ಹೋದ ಅನ್ನುವುದಾದರೆ ‘ಟ್ರೈಡ್ ಟು’ ಸೇರಿಸಿ.